ವಿಮಾನದ ಬೆಲೆಯೂ ವಿಮಾನದ ಪೋಷಣೆಯೂ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ವಿದ್ಯಾನಗರದ ವಿಮಾನ ನಿಲ್ದಾಣವಿದೆ. ತುಂಗಭದ್ರೆಯ ಆಚೆ ದಡದಲ್ಲಿ, ಕೊಪ್ಪಳಕ್ಕೆ ಸಮೀಪವಾದ ಗಿಣಿಗೇರಾದಲ್ಲಿ, ಮತ್ತೊಂದು ಓಡುದಾರಿಯಿದೆ. ಎರಡೂ ಉದ್ಯಮಪತಿಗಳು ಕಟ್ಟಿಸಿದವುಗಳು. ಅದಿರಿನ ವ್ಯಾಪಾರವು ಉಬ್ಬರಕ್ಕೆ ಬಂದಿದ್ದ ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಗಳ ಆಕಾಶದಲ್ಲಿ ಗಣಿಯ ಧಣಿಗಳ ಹೆಲಿಕಾಪ್ಟರುಗಳ ಸದ್ದು ನಮ್ಮ ರೈತರ ಕಿವಿಗೂ ಪರಿಚಿತವಾಗಿತ್ತು. ಆದುದರಿಂದ ಸ್ವಂತ ವಿಮಾನವನ್ನು ಇಟ್ಟುಕೊಳ್ಳುವುದೆಂಬ ವಿಷಯವು ಮರಿಯಮ್ಮನಹಳ್ಳಿಯಲ್ಲಿ ಕುಳಿತು ಬರೆಯುವ ನಮಗೆ ದೂರದ ಮಾತೆಂದು ವಾಚಕರು ಭಾವಿಸಬೇಕಾದುದಿಲ್ಲ. ಇಂಥ ಸೊತ್ತನ್ನು ಕೊಳ್ಳುವವನು ಏನನ್ನು ಕೊಳ್ಳುತ್ತಾನೆ, ಅದರ ಅಪಾಯವನ್ನು ಯಾರು ಹೊರುತ್ತಾರೆ ಎಂಬುದನ್ನು ವಿಚಾರ ಮಾಡುವುದು ಉಚಿತವೇ ಸರಿ.

ಕೊಳ್ಳುವ ಬೆಲೆಯು ವೆಚ್ಚದ ಆರಂಭ ಮಾತ್ರ. ಎತ್ತನ್ನು ಕೊಂಡವನಿಗೆ ಮೇವಿನ ಚಿಂತೆಯು ಮರುದಿನದಿಂದ ಹತ್ತುವುದು. ವಿಮಾನಕ್ಕಾದರೋ ಅದು ಹಾರಲಿ, ಬಿಡಲಿ, ಮೇವು ಬೇಕು. ನಿಲ್ಲಿಸಲು ಮನೆ ಬೇಕು. ವಿಮೆಯ ಕಂತು ಕಟ್ಟಬೇಕು. ಪರವಾನಗಿಯುಳ್ಳ ಇಂಜಿನಿಯರನು ಪರೀಕ್ಷಿಸಿ ಸಹಿ ಹಾಕಬೇಕು. ಹಾರಾಟದ ಅರ್ಹತೆಯನ್ನು ಕುರಿತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು. ಚಿಕ್ಕ ವಿಮಾನಗಳ ಪಿಸ್ಟನ್ ಇಂಜಿನಿಗೆ ಬೇಕಾದ ವಿಶೇಷ ಪೆಟ್ರೋಲು 2022ರವರೆಗೆ ಪರದೇಶದಿಂದಲೇ ಬರುತ್ತಿತ್ತು. ಆ ವರ್ಷ ಇಂಡಿಯನ್ ಆಯಿಲ್ ಸಂಸ್ಥೆಯು ಗುಜರಾತಿನ ತನ್ನ ಶುದ್ಧೀಕರಣಾಗಾರದಲ್ಲಿ ಅದನ್ನು ತಯಾರಿಸಿ ಮಾರಾಟಕ್ಕೆ ತಂದಿತು. ಬಾಡಿಗೆಗೆ ಬಿಟ್ಟು ವೆಚ್ಚವನ್ನು ಹುಟ್ಟಿಸಿಕೊಳ್ಳೋಣವೆಂದರೆ ಅದಕ್ಕೂ ಎಡೆಯಿಲ್ಲ. ಖಾಸಗಿ ವಿಮಾನದಲ್ಲಿ ಹಣ ಪಡೆದು ಜನರನ್ನು ಸಾಗಿಸುವುದು ನಿಷಿದ್ಧ. ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು.

ಇಷ್ಟೆಲ್ಲ ವೆಚ್ಚವನ್ನು ಕಂಡ ಒಡೆಯನಿಗೆ ಮೊದಲು ಹೊಳೆಯುವ ಉಪಾಯವೆಂದರೆ ಕಡಮೆ ಹಾರುವುದು. ಈ ಉಳಿತಾಯವು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸೆಸ್ನಾ 172ರಂಥ ನಾಲ್ಕು ಆಸನಗಳ ವಿಮಾನಗಳಿಗೆ ಕೂಡಿಸುವ ಲೈಕಮಿಂಗ್ ಇಂಜಿನನ್ನು 2000 ಗಂಟೆಗಳ ಹಾರಾಟವಾದ ಮೇಲೆ ಅಥವಾ 12 ವರ್ಷಗಳು ಕಳೆದ ಮೇಲೆ, ಯಾವುದು ಮೊದಲೋ ಆಗ, ಪೂರ್ತಿಯಾಗಿ ಬಿಚ್ಚಿ ಹೊಸದು ಮಾಡಿಸಬೇಕೆಂದು ತಯಾರಕರು ವಿಧಿಸಿರುತ್ತಾರೆ. ವರ್ಷಕ್ಕೆ 50 ಗಂಟೆ ಹಾರುವವನಿಗೆ 12 ವರ್ಷಗಳಲ್ಲಿ ದೊರೆಯುವುದು 600 ಗಂಟೆಗಳು. ಅದೇ ವೆಚ್ಚವನ್ನು 2000 ಗಂಟೆಗಳ ಮೇಲೆ ಹಂಚಬಹುದಾಗಿದ್ದವನು 600ರ ಮೇಲೆ ಹಂಚಿದಂತಾಯಿತು. ಗಂಟೆಯೊಂದಕ್ಕೆ ಬೀಳುವ ಭಾರವು ಮೂರು ಪಟ್ಟಿಗೂ ಮಿಕ್ಕಿತು.

ನಿಂತ ಯಂತ್ರಕ್ಕೆ ತುಕ್ಕಿನ ಭಯವೂ ಇರುತ್ತದೆ. ವಾರಗಟ್ಟಲೆ ನಿಂತ ಇಂಜಿನಿನ ಒಳಭಾಗಗಳಿಂದ ಎಣ್ಣೆಯು ಇಳಿದುಹೋಗಿ, ಗಾಳಿಯ ತೇವವು ಉಕ್ಕನ್ನು ಮುಟ್ಟುತ್ತದೆ. ನೆಲದ ಮೇಲೆಯೇ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರೆ ಸಾಲದು. ಎಣ್ಣೆಯು ಸಾಕಷ್ಟು ಕಾಯದೆ ನೀರಿನ ಅಂಶವು ಒಳಗೇ ಉಳಿಯುತ್ತದೆ. ಯಂತ್ರದಂತೆ ಮನುಷ್ಯನೂ. ಕೈ ತಪ್ಪಿದ ಚಾಲಕನು ಕೈ ತಪ್ಪಿದ ಹಾರ್ಮೋನಿಯಂ ಮಾಸ್ತರನಂತಲ್ಲವೆ? ಮಾಸ್ತರನ ತಪ್ಪಿನಿಂದ ಒಂದು ಪದ್ಯ ಕೆಟ್ಟೀತು. ಚಾಲಕನ ತಪ್ಪಿನಿಂದ ಜೀವಗಳು ಹೋದಾವು. ಚಿಕ್ಕ ವಿಮಾನಗಳ ಅಪಘಾತಗಳಲ್ಲಿ ಬಹುಪಾಲು ಯಂತ್ರದ ದೋಷದಿಂದ ಆದುವಲ್ಲ, ಚಾಲಕನ ತೀರ್ಮಾನದಿಂದ ಆದುವೆಂಬುದು ಅನೇಕ ದೇಶಗಳ ಅನುಭವವಾಗಿದೆ. ಆದಕಾರಣ ಬಣ್ಣ, ಮೆತ್ತೆಗಳಿಗೆ ಹಾಕುವ ಹಣಕ್ಕಿಂತ ಚಾಲಕನ ಅಭ್ಯಾಸಕ್ಕೆ ಹಾಕುವ ಹಣವೇ ಹೆಚ್ಚು ರಕ್ಷಣೆಯನ್ನು ಕೊಡತಕ್ಕದ್ದು.

ಹಾಗೆಂದು ಕಂಡಕಂಡಾಗ ಯಂತ್ರವನ್ನು ಬಿಚ್ಚಿಸುವುದೂ ಜಾಣತನವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕರಾವಳಿ ದಳದ ವಿಮಾನಗಳನ್ನು ವಾಡಿಂಗ್ಟನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಪರಿಶೀಲಿಸಿದಾಗ, ನಿಯತಕಾಲದ ತಪಾಸಣೆಯಾದ ಕೂಡಲೆ ಅನಿರೀಕ್ಷಿತ ಕೆಡುಕುಗಳು ಹೆಚ್ಚಿ, ಹಾರುತ್ತ ಹೋದಂತೆ ಕಡಮೆಯಾಗುತ್ತಿದ್ದುದು ಕಂಡುಬಂದಿತು. ಸರಿಯಿದ್ದುದನ್ನು ಬಿಚ್ಚಿ ಜೋಡಿಸುವಾಗಲೇ ತಪ್ಪು ಹೊಗುತ್ತಿತ್ತು. ಕಾನೂನು ವಿಧಿಸಿದ ತಪಾಸಣೆಯಲ್ಲಿ ಎಳ್ಳಷ್ಟೂ ಲೋಪ ಕೂಡದು. ಅದರ ಮೇಲೆ ಖರ್ಚು ಮಾಡಬೇಕಾದುದು ಎಣ್ಣೆಯಲ್ಲಿ ಲೋಹದ ಕಣಗಳಿವೆಯೇ ಎಂಬ ಪರೀಕ್ಷೆಗೆ, ಬಿಚ್ಚದೆಯೇ ಒಳಗನ್ನು ನೋಡುವ ಸಾಧನಗಳಿಗೆ, ಪ್ರತಿಯೊಂದು ಹಾರಾಟದ ಅಂಕಿಗಳನ್ನು ಬರೆದಿಡುವ ಶಿಸ್ತಿಗೆ.

ಪೋಷಣೆಯನ್ನು ಮುಂದೂಡಿದವರಿಗೆ ಏನಾಗುತ್ತದೆಂಬುದನ್ನು ನಾವು ವಿಮಾನದ ಉದಾಹರಣೆಯಿಂದಲೇ ಕಲಿಯಬೇಕಾಗಿಲ್ಲ. ನಮ್ಮೂರಿನ ಪಕ್ಕಕ್ಕೆ ಹರಡಿಕೊಂಡಿರುವ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿಯು 2024ರ ಆಗಸ್ಟ್ 10ರ ರಾತ್ರಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಕೆರೆಯ ನೀರು ಕಣ್ಣೆದುರಿಗೆ ಹರಿದುಹೋಯಿತು. ಇಂಜಿನಿಯರರೂ ಕಾರ್ಮಿಕರೂ ಹರಿವ ನೀರಿನಲ್ಲಿಯೇ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದೊಳಗೆ ಮಾನ ಉಳಿಸಿದರು. ಅವರಿಗೆ ನಾಡು ಋಣಿಯಾಗಿದೆ. ಆದರೆ ಉಳಿದ ಗೇಟುಗಳೂ ಹಳೆಯವೇ ಆದುದರಿಂದ 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಗೊಳಿಸಬೇಕಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯು ನೆನಪಾಗದೆ ಇರದು. ಒಂದು ಸರಪಳಿಯ ಮುಪ್ಪಿಗೆ ದಂಡ ತೆತ್ತವನು ಕಾಲುವೆಯ ಕೊನೆಯ ರೈತ.

ವಿಮಾನದಲ್ಲಿಯೂ ಪ್ರಶ್ನೆಯು ಇದೇ ಆಗಿದೆ. ಒಡೆಯನು ತನ್ನ ಜೀವವನ್ನು ತಾನೇ ಪಣವಾಗಿಟ್ಟರೆ ಅದು ಅವನ ಇಷ್ಟ. ಆದರೆ ಅತಿಥಿಯಾಗಿ ಹತ್ತಿದವನಿಗೆ ಇಂಜಿನಿನ ದಾಖಲೆಯು ತಿಳಿಯದು; ಕೆಳಗಿನ ಹೊಲದಲ್ಲಿ ಕಳೆ ಕೀಳುವವಳನ್ನು ಯಾರೂ ಕೇಳಿರುವುದಿಲ್ಲ. 2004ರ ಏಪ್ರಿಲ್ 17ರಂದು ಚುನಾವಣೆಯ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟ ಚಿಕ್ಕ ಸೆಸ್ನಾ ವಿಮಾನವು ಜಕ್ಕೂರಿನಿಂದ ಮೇಲೆದ್ದೊಡನೆ ಬಿದ್ದು, ನಟಿ ಸೌಂದರ್ಯ ಅವರೂ ಇನ್ನು ಮೂವರೂ ತೀರಿಕೊಂಡರು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರನ್ನು ಹೊತ್ತ ಸರ್ಕಾರದ ಹೆಲಿಕಾಪ್ಟರು ಮಳೆಗಾಲದ ಮೋಡಗಳ ನಡುವೆ ನಲ್ಲಮಲದಲ್ಲಿ ಬಿದ್ದಿತು. ಒಳಗಿದ್ದ ಐವರೂ ಉಳಿಯಲಿಲ್ಲ. ಈ ದುರಂತಗಳ ಕಾರಣಗಳು ಬೇರೆ ಬೇರೆ. ಅವನ್ನು ಇಲ್ಲಿ ಚರ್ಚಿಸುವುದಿಲ್ಲ. ನಾವು ತೋರಿಸಬಯಸುವುದು ಇಷ್ಟೆ: ದೊಡ್ಡವರ ಸಭೆಯ ಹೊತ್ತು ಮೀರುತ್ತಿರುವಾಗ ‘ಈ ಹೊತ್ತು ಹಾರುವುದು ಬೇಡ’ ಎನ್ನುವ ಧೈರ್ಯವು ಸಂಬಳದ ಚಾಲಕನಿಗೆ ಸುಲಭವಾಗಿ ಬಾರದು. ಆ ಧೈರ್ಯವನ್ನು ಒಡೆಯನೇ ಮುಂಚಿತವಾಗಿ ಲಿಖಿತವಾಗಿ ಕೊಡಬೇಕು.

ಮಾಡತಕ್ಕುದೇನು? ಮೊದಲನೆಯದಾಗಿ, ಹಂಚಿಕೊಳ್ಳುವ ಪದ್ಧತಿ. ನಮ್ಮ ಹಳ್ಳಿಗಳಲ್ಲಿ ನಾಟಕವಾಡುವವರು ಸೀನರಿಯನ್ನು ಬಾಡಿಗೆಗೆ ತರುತ್ತಾರಲ್ಲದೆ ಊರಿಗೊಂದರಂತೆ ಕೊಂಡಿಡುವುದಿಲ್ಲ. ಐವರು ಕೂಡಿ ಒಂದು ವಿಮಾನವನ್ನಿಟ್ಟು ತಲಾ 50 ಗಂಟೆ ಹಾರಿದರೆ ವರ್ಷಕ್ಕೆ 250 ಗಂಟೆಗಳಾಗಿ, ಎಂಟು ವರ್ಷಗಳಲ್ಲಿ 2000 ಗಂಟೆಗಳು ಪೂರ್ತಿಯಾಗುವುವು. ಯಂತ್ರಕ್ಕೆ ತುಕ್ಕೂ ಇಲ್ಲ, ವೆಚ್ಚವೂ ಹಗುರ. ಎರಡನೆಯದಾಗಿ, ಹಾರಿದ ಪ್ರತಿಯೊಂದು ಗಂಟೆಗೆ ಇಷ್ಟೆಂದು ಇಂಜಿನಿನ ನವೀಕರಣಕ್ಕಾಗಿ ತೆಗೆದಿಡುವ ನಿಧಿ. ಅದನ್ನು ಬೇರೊಂದಕ್ಕೆ ಮುಟ್ಟಬಾರದು. ಈ ನಿಧಿಗೆ ಶಕ್ತಿಯಿಲ್ಲದವನಿಗೆ ವಿಮಾನವನ್ನು ಕೊಳ್ಳುವ ಶಕ್ತಿಯೂ ಇಲ್ಲವೆಂದೇ ಎಣಿಸತಕ್ಕದ್ದು. ಮೂರನೆಯದಾಗಿ, ಸ್ವದೇಶಿ ಯಂತ್ರ. ಬಿಡಿಭಾಗವು ಸಮುದ್ರದಾಚೆಯಿಂದ ಬರುವ ತನಕ ಕಾಯಲಾರದೆ ‘ಇದೊಂದು ಸಲ ನಡೆಯುತ್ತದೆ’ ಎಂದು ಹಾರುವ ಆಸೆಯೇ ಅಪಾಯದ ಬೇರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಹಂಸ ವಿಮಾನವು 1993ರಲ್ಲಿಯೂ, ಅದರ ಹೊಸ ರೂಪವು 2021ರಲ್ಲಿಯೂ ಮೊದಲು ಹಾರಿದುವು. ಆದರೆ ಅದರ ಇಂಜಿನು ಆಸ್ಟ್ರಿಯಾ ದೇಶದ್ದು. 1940ರಲ್ಲಿಯೇ ವಿಮಾನದ ಕಾರ್ಖಾನೆಯನ್ನು ಕಂಡ ನಾಡಿನಲ್ಲಿ ಚಿಕ್ಕದೊಂದು ಪಿಸ್ಟನ್ ಇಂಜಿನು ಹುಟ್ಟಿ ಮಾರುಕಟ್ಟೆಗೆ ಬರಬಾರದೇಕೆ?

ಹಾರುವವರನ್ನು ನಾವು ಹಳಿಯುವುದಿಲ್ಲ. ಅವಸರದ ರೋಗಿಯನ್ನು ಬೆಂಗಳೂರಿಗೆ ಮುಟ್ಟಿಸುವ ಸಾಧನವು ನಮ್ಮ ಜಿಲ್ಲೆಗೂ ಬೇಕು. ಬಂಡಿಗೆ ಕೀಲೆಣ್ಣೆ ಹಾಕದೆ ಜಾತ್ರೆಗೆ ಹೊರಟವನು ದಾರಿಯಲ್ಲಿ ನಿಂತಾನು. ಆಕಾಶದಲ್ಲಿ ನಿಲ್ಲಲು ದಾರಿಯ ಬದಿಯೆಂಬುದಿಲ್ಲ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು 1934ರ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿದೆ. ಅದನ್ನು ನಡೆಸುವ ಅಧಿಕಾರಿಗಳು ಚಿಕ್ಕ ವಿಮಾನಗಳ ದಾಖಲೆಗಳನ್ನು ದೊಡ್ಡ ವಿಮಾನಗಳಷ್ಟೇ ನಿಷ್ಠುರವಾಗಿ ನೋಡಲಿ. ಒಡೆಯರು ಕೊಳ್ಳುವ ಮೊದಲೇ ಹನ್ನೆರಡು ವರ್ಷಗಳ ವೆಚ್ಚದ ಲೆಕ್ಕವನ್ನು ಮುಂದಿಟ್ಟುಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.