ತೆರೆಯದ ಪೆಟ್ಟಿಗೆ

1997ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಶಕ್ತಿಮಾನ್’ ಧಾರಾವಾಹಿಯನ್ನು ನೋಡಿ ಬೆಳೆದ ಮಕ್ಕಳು ಇಂದು ಗೃಹಸ್ಥರು. ಅಂದು ಕೊಳ್ಳಲಾಗದ ಆ ವೀರನ ಗೊಂಬೆಯನ್ನು ಈಗ ಹುಡುಕಿ ತರುವವರಿದ್ದಾರೆ. ಸಂಗ್ರಾಹಕರಲ್ಲಿ ಪೆಟ್ಟಿಗೆ ಒಡೆಯದ ಗೊಂಬೆಗೇ ಹೆಚ್ಚು ಬೆಲೆ. ಆದ್ದರಿಂದ ಅದು ಕಪಾಟಿನಲ್ಲಿಯೇ ಉಳಿಯುತ್ತದೆ. ಮನೆಯ ಮಗುವಿನ ಕೈಗೆ ಸಿಗುವುದಿಲ್ಲ.

ಗೊಂಬೆಯನ್ನು ಇಟ್ಟುಕೊಳ್ಳುವುದೇ ದೋಷವೇ? ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಮೂರ್ಛೆಯಲ್ಲಿ, ಎಂದರೆ ‘ಇದು ನನ್ನದು’ ಎಂಬ ಮಮಕಾರದಲ್ಲಿ ಗುರುತಿಸುತ್ತದೆ. ಜೈನಾಚಾರ್ಯರು ಎಣಿಸಿದ ಪರಿಗ್ರಹಗಳಲ್ಲಿ ಬಾಹ್ಯವಾದವು 10, ಅಂತರಂಗದವು 14. ಆಡಿದ ಗೊಂಬೆಯನ್ನು ಗೆಳೆಯನಿಗೆ ಕೊಟ್ಟು ಓಡುವ ಮಗುವಿನಲ್ಲಿ ಮೂರ್ಛೆ ಅಲ್ಪ. ಸಾಲಿನಲ್ಲಿ ಇಲ್ಲದ ಇನ್ನೊಂದಕ್ಕಾಗಿ ನಿದ್ದೆಗೆಡುವವನು, ತನ್ನ ಬಳಿ ಇಲ್ಲದ ವಸ್ತುವಿಗೂ ಬದ್ಧನಾಗಿದ್ದಾನೆ.

ಬಾಗಲಕೋಟೆ ಜಿಲ್ಲೆಯ ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ಸ್ವಾಮಿ ನಿಂತಿದ್ದಾರೆ. ಬಳ್ಳಿಗಳು ಅವರ ಮೈಯನ್ನು ಸುತ್ತಿವೆ. ಗೆದ್ದ ರಾಜ್ಯವನ್ನೇ ತೊರೆದರೂ, ನಿಂತ ನೆಲ ಅಣ್ಣ ಭರತನದು ಎಂಬ ಒಂದು ಭಾವ ಮನಸ್ಸಿನಲ್ಲಿ ಉಳಿದಿರುವ ತನಕ ಅವರಿಗೆ ಕೇವಲಜ್ಞಾನ ಒದಗಲಿಲ್ಲವೆಂದು ಪರಂಪರೆ ಹೇಳುತ್ತದೆ. ಕೈ ಬರಿದಾದರೆ ಸಾಲದು, ಮನಸ್ಸೂ ಹಗುರವಾಗಬೇಕು.

ಗೃಹಸ್ಥನಿಗೆ ಜಿನಧರ್ಮವು ಸರ್ವತ್ಯಾಗವನ್ನು ವಿಧಿಸಿಲ್ಲ. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹೇಳಿದೆ. ಇಳಕಲ್ಲಿನ ಮನೆಯಾಗಲಿ, ಹುನಗುಂದದ ಮನೆಯಾಗಲಿ, ಕಪಾಟಿಗೆ ‘ಇಷ್ಟೇ’ ಎಂಬ ಎಲ್ಲೆಯನ್ನು ಕೊಳ್ಳುವ ಮೊದಲೇ ಹಾಕಿಕೊಳ್ಳುವುದು, ಮೀರಿದ್ದನ್ನು ಕೊಟ್ಟುಬಿಡುವುದು ಆ ವ್ರತದ ಆಚರಣೆ. ಪೆಟ್ಟಿಗೆ ತೆರೆದು ಗೊಂಬೆಯನ್ನು ಮಗುವಿನ ಕೈಗಿತ್ತಾಗ ಅದರ ಪೇಟೆಯ ಬೆಲೆ ಇಳಿಯುತ್ತದೆ; ಕೊಟ್ಟವನ ಭಾರವೂ ಇಳಿಯುತ್ತದೆ.