ದೋಣಿ ದಾಟಿದರೆ ಸಿಗುವ ಸಂಜೆ

ಸಹೋದರಿಯರೇ, ಒಂದು ಸಣ್ಣ ಪ್ರಶ್ನೆ. ಮಂಗಳೂರಿನಲ್ಲೋ ಅದರ ಆಸುಪಾಸಿನಲ್ಲೋ ಮನೆ ಮಾಡಿಕೊಂಡಿರುವ ನೀವು, ಸೂರ್ಯ ಕಡಲಿಗಿಳಿಯುವುದನ್ನು ಕೊನೆಯ ಬಾರಿ ಕುಳಿತು ನೋಡಿದ್ದು ಯಾವಾಗ? ‘ಕುಳಿತು’ ಎಂಬ ಮಾತನ್ನು ದಯವಿಟ್ಟು ಗಮನಿಸಿ. ಉಳ್ಳಾಲದಲ್ಲಿ ಯಾರದೋ ಮದುವೆಗೆ ಹೋಗುವಾಗ ನೇತ್ರಾವತಿ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ಪ್ರಶ್ನೆಯನ್ನು ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ಕೇಳಿದ್ದೆ. ಮೊದಲು ನಗು. ಆಮೇಲೆ ಉತ್ತರಗಳು ಬಂದವು. ಒಬ್ಬರು ಊಟಿ ನೋಡಿದ್ದರು, ಇನ್ನೊಬ್ಬರು ಮುನ್ನಾರ್ ನೋಡಿದ್ದರು, ಮತ್ತೊಬ್ಬರು ಗಂಡನ ಜೊತೆ ಎರಡು ವರ್ಷ ದುಬೈಯಲ್ಲಿದ್ದು ಅಲ್ಲಿಯ ಕಡಲ ದಂಡೆಯಲ್ಲಿ ಶುಕ್ರವಾರದ ಸಂಜೆಗಳನ್ನು ಕಳೆದಿದ್ದರು. ಬಂದರಿಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾದ ಒಬ್ಬ ತಾಯಿ ಮಾತ್ರ, “ಟೀಚರ್, ನಮ್ಮ ಮನೆಯಿಂದ ಬೆಂಗ್ರೆಯ ದೋಣಿಗೆ ನಡೆದು ಹೋದರೆ ಹದಿನೈದು ನಿಮಿಷ. ನಾನು ಇದುವರೆಗೆ ಆಚೆ ದಡ ನೋಡಿಲ್ಲ” ಎಂದರು. ಅವರ ಗಂಡ ಮತ್ತು ಮಕ್ಕಳು ಎಷ್ಟೋ ಸಲ ಹೋಗಿ ಬಂದಿದ್ದಾರಂತೆ. ಅದನ್ನು ಅವರು ದೂರಿನಂತೆ ಹೇಳಲಿಲ್ಲ. ಮಾಮೂಲಿ ಸಂಗತಿಯಂತೆ ಹೇಳಿದರು. ನನಗೆ ಬೇಸರವಾದದ್ದು ಅದಕ್ಕೇ.

ಬೆಂಗಳೂರಿನ ಪಕ್ಕದಲ್ಲಿಟ್ಟರೆ ನಮ್ಮದು ಚಿಕ್ಕ ಊರು. ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ನಮಗೆ ಬ್ಯಾರಿಗಳಿಗೆ ಮೈಕಾಲ. ಎರಡು ನದಿ, ಒಂದು ಕಡಲು, ನಡುವೆ ಗುಡ್ಡಗಳು. ಎಲ್ಲಿಂದ ಹೊರಟರೂ ಅರ್ಧ ಗಂಟೆಯೊಳಗೆ ನೀರು ಕಾಣುತ್ತದೆ. ಇಷ್ಟಿದ್ದೂ ನಮ್ಮ ಮನೆಗಳಲ್ಲಿ ‘ಸುತ್ತಾಟ’ ಎಂದರೆ ಒಂದೋ ದೂರದ ಘಟ್ಟ, ಇಲ್ಲವೇ ಮಾಲ್. ಘಟ್ಟಕ್ಕೆ ಹೋಗಲು ವ್ಯಾನು, ರೂಮು, ಸಾವಿರಾರು ರೂಪಾಯಿ ಬೇಕು. ಮಾಲ್‌ಗೆ ಹೋದರೆ ಮಕ್ಕಳು ಕೇಳಿದ್ದನ್ನೆಲ್ಲ ಕೊಡಿಸಲಾಗದೆ ಮುಖ ಊದಿಸಿಕೊಂಡು ಮರಳುವುದು. ಅಂತೂ ಹಣವಿದ್ದರೆ ಮಾತ್ರ ಸಂತೋಷ ಎಂಬ ಪಾಠವನ್ನು ನಾವೇ ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ.

ಗಲ್ಫಿನಿಂದ ಗಂಡ ರಜೆಗೆ ಬಂದ ಮನೆಗಳ ಕಥೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನಲ್ವತ್ತು ದಿನದ ರಜೆ. ಮೊದಲ ವಾರ ನೋಡಲು ಬರುವವರಿಗೆ ಚಹಾ ಮಾಡುವುದರಲ್ಲಿ ಕಳೆಯುತ್ತದೆ. ಎರಡನೆಯ ಮತ್ತು ಮೂರನೆಯ ವಾರ ಸಂಬಂಧಿಕರ ಮನೆಗಳಲ್ಲಿ ಬಿರಿಯಾನಿ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆ ಬಿಟ್ಟರೆ ಮುಂದಿನ ರಜೆಯವರೆಗೂ ಮುನಿಸು. ನಡುವೆ ಒಂದು ಮದುವೆ, ಒಂದು ಜಾಗದ ವ್ಯವಹಾರ, ಬ್ಯಾಂಕಿನ ಕೆಲಸ. ಕೊನೆಯ ವಾರ ಉಪ್ಪಿನಕಾಯಿ, ಒಣಮೀನು, ಹಲ್ವ ಎಂದು ಪೆಟ್ಟಿಗೆ ಕಟ್ಟುವ ಗಡಿಬಿಡಿ. ವಿಮಾನ ಹತ್ತಿಸಿ ಬಂದ ರಾತ್ರಿ ಹೆಂಡತಿಗೆ ನೆನಪಾಗುತ್ತದೆ, ಇಬ್ಬರೇ ಕುಳಿತು ಒಂದು ಗಂಟೆ ಮಾತನಾಡಲೇ ಇಲ್ಲವಲ್ಲ ಎಂದು. ಆ ಒಂದು ಗಂಟೆಗೆ ಊಟಿ ಬೇಕಿರಲಿಲ್ಲ. ಒಂದು ಅಸರ್ ನಮಾಝಿನ ನಂತರದ ಹೊತ್ತು ಸಾಕಿತ್ತು.

ಹಾಗಾದರೆ ಎಲ್ಲಿಗೆ ಹೋಗುವುದು? ನನ್ನನ್ನು ಕೇಳಿದರೆ ಮೊದಲು ಬೆಂಗ್ರೆಗೆ.

ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ ಇಳಿದು ಬಂದರಿನ ಕಡೆ ನಡೆಯಿರಿ. ರಿಕ್ಷಾ ಬೇಡ, ಈ ದಾರಿಯನ್ನು ನಡೆದೇ ನೋಡಬೇಕು. ‘ಬಂದರು’ ಫಾರ್ಸಿಯಿಂದ ಬಂದ ಪದ. ಪದ ಬಂದ ದಾರಿಯಲ್ಲೇ ಜನರೂ ಬಂದರು, ಸರಕೂ ಬಂತು. 1342ರ ಹೊತ್ತಿಗೆ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರನ್ನು ‘ಮಂಜರೂರ್’ ಎಂದು ಕರೆದು, ಫಾರಸ್ ಮತ್ತು ಯಮನ್‌ನ ವರ್ತಕರು ಇಲ್ಲಿ ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಇಲ್ಲಿ ಧಾರಾಳ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಊರಿನ ಅಂಚಿನಲ್ಲಿ ನೆಲೆಸಿದ್ದಾರೆ ಎಂದು ಬರೆದಿದ್ದಾರೆ. ಮದ್ರಸದಲ್ಲಿ ಅರಬಿ ಓದುತ್ತಿದ್ದ ದಿನಗಳಲ್ಲಿ ಆ ಪುಟದಲ್ಲಿ ನಮ್ಮೂರಿನ ಹೆಸರು ಕಂಡಾಗ ನನಗಾದ ಪುಳಕ ಇಂದಿಗೂ ಮಾಸಿಲ್ಲ. ಈಗಲೂ ಈ ಓಣಿಗಳಲ್ಲಿ ಅಡಿಕೆ, ಮೆಣಸು, ಒಣಮೀನಿನ ವಾಸನೆ ಒಂದರ ಮೇಲೊಂದು ಬರುತ್ತದೆ. ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಈರುಳ್ಳಿ, ತರಕಾರಿ, ಕಟ್ಟಡದ ಸಾಮಾನು ತುಂಬುವುದನ್ನು ಕಾಣಬಹುದು. ಮಕ್ಕಳಿಗೆ ತೋರಿಸಿ. ನಾವು ಇಲ್ಲಿ ತಿನ್ನುವ ಈರುಳ್ಳಿಯೇ ಅರಬಿ ಸಮುದ್ರದ ನಡುವಿನ ದ್ವೀಪದ ಅಡುಗೆಮನೆಗೂ ಹೋಗುತ್ತದೆ ಎಂದು ತಿಳಿದಾಗ ಅವರ ಕಣ್ಣು ಅರಳುವುದನ್ನು ನಾನು ಕಂಡಿದ್ದೇನೆ.

ಹತ್ತಿರದಲ್ಲೇ ಝೀನತ್ ಬಕ್ಷ್ ಮಸೀದಿ ಇದೆ. ಅದರೊಳಗಿನ ಮರದ ಕಂಬಗಳ ಕೆತ್ತನೆ ಕೈಕೆಲಸ ಬಲ್ಲವರನ್ನು ಬೆರಗುಗೊಳಿಸುವಂಥದ್ದು. ಮುಂದೆ ಧಕ್ಕೆ. ಬೆಳಿಗ್ಗೆ ಬಂದರೆ ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಬುಟ್ಟಿಗಳಲ್ಲಿ ಇಳಿಯುತ್ತಿರುತ್ತವೆ. ಬೊಬ್ಬೆಯೋ ಬೊಬ್ಬೆ. ಸಂಜೆ ಅಷ್ಟು ಗದ್ದಲವಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೋಟುಗಳೆಲ್ಲ ಒಂದಕ್ಕೊಂದು ಹೆಗಲು ತಾಗಿಸಿ ನಿಂತಿರುತ್ತವೆ. ಮಳೆಗಾಲದಲ್ಲಿ ಮೀನಿನ ಬೆಲೆ ಯಾಕೆ ಏರುತ್ತದೆ ಎಂದು ಸೊಸೆಗೆ ವಿವರಿಸುವ ಅತ್ತೆಯರು ಅವಳನ್ನು ಇಲ್ಲಿಗೆ ಒಮ್ಮೆ ಕರೆತಂದರೆ ಸಾಕು.

ದೋಣಿಯ ದರ ಹೆಚ್ಚೆಂದರೆ ಒಂದು ಚಹಾದ ದುಡ್ಡು. ಕೂಳೂರು ಸೇತುವೆಯ ಮೇಲಿಂದ ಬೆಂಗ್ರೆಗೆ ಹೋಗುವುದಾದರೆ ಹತ್ತು ಕಿಲೋಮೀಟರಿಗೂ ಹೆಚ್ಚು ಸುತ್ತು. ದೋಣಿಯಲ್ಲಿ ಕೆಲವೇ ನಿಮಿಷ. ಆದರೆ ಆ ಕೆಲವು ನಿಮಿಷಗಳಲ್ಲಿ ಊರು ಬೇರೆಯೇ ಕಾಣುತ್ತದೆ. ದಿನವೂ ಓಡಾಡುವ ಬೀದಿಗಳು ಒಂದು ಗೆರೆಯಾಗಿ, ತೆಂಗಿನ ಮರಗಳ ಹಿಂದೆ ಸರಿಯುತ್ತವೆ. ಜೊತೆಯಲ್ಲಿ ಶಾಲೆಯಿಂದ ಮರಳುವ ಮಕ್ಕಳು, ಸೀಮೆಎಣ್ಣೆಯ ಕ್ಯಾನು ಹಿಡಿದವರು, ಅಕ್ಕಿಯ ಚೀಲ ಹೊತ್ತವರು ಇರುತ್ತಾರೆ. ನಮಗೆ ಅದು ವಿಹಾರ, ಅವರಿಗೆ ಅದು ನಿತ್ಯದ ಬದುಕು. ಈ ಮಾತು ನೆನಪಿರಲಿ. ಬೆಂಗ್ರೆ ಎಂಬುದು ಗುರುಪುರ ನದಿಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿರುವ ಮರಳಿನ ಪಟ್ಟಿ. ಅಲ್ಲಿ ಮೊಗವೀರರೂ ನಮ್ಮವರೂ ವಾಸಿಸುತ್ತಾರೆ. ಒಂದು ಕಡೆ ನದಿಯ ದಡದಲ್ಲಿ ಇಳಿದು ಮನೆಗಳ ನಡುವಿನ ದಾರಿಯಲ್ಲಿ ಸ್ವಲ್ಪ ನಡೆದರೆ ಇನ್ನೊಂದು ಕಡೆ ಕಡಲು. ಆ ಮನೆಗಳ ಅಂಗಳದಲ್ಲಿ ಒಣಗಲು ಹಾಕಿದ ಮೀನು, ಬಲೆ ಇರುತ್ತವೆ. ಮಕ್ಕಳನ್ನು ತುಳಿಯಲು ಬಿಡಬೇಡಿ. ಅಲ್ಲಿಯ ಹೆಂಗಸರೊಡನೆ ಎರಡು ಮಾತಾಡಿದರೆ ಕುಡಿಯಲು ನೀರು ಸಿಗುತ್ತದೆ, ಎಲ್ಲಿ ಕೂರುವುದು ಒಳ್ಳೆಯದು ಎಂಬ ಸಲಹೆಯೂ ಸಿಗುತ್ತದೆ.

ತೆಂಕಣಕ್ಕೆ ತಿರುಗಿದರೆ ಅಳಿವೆ. ನೇತ್ರಾವತಿಯೂ ಗುರುಪುರ ನದಿಯೂ ಅಲ್ಲಿ ಕಡಲು ಸೇರುತ್ತವೆ. ಮೀನಿಗೆ ಹೊರಟ ಬೋಟುಗಳು ಆ ಬಾಗಿಲಲ್ಲಿ ಅಲೆಗೆ ಮೂತಿಯೆತ್ತಿ ಸಾಗುವುದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಬೆಂಗ್ರೆಯ ಬಡಗು ದಿಕ್ಕಿನಲ್ಲಿ ತಣ್ಣೀರುಬಾವಿ. ಹೆಸರೇ ಹೇಳುವಂತೆ ಉಪ್ಪು ನೀರಿನ ಮಗ್ಗುಲಲ್ಲೇ ತಣ್ಣನೆಯ ಸಿಹಿ ನೀರಿನ ನೆನಪು ಇರುವ ಜಾಗ. ರಜಾ ದಿನಗಳಲ್ಲಿ ಅಲ್ಲಿ ಜನಜಂಗುಳಿ. ಚರುಮುರಿಯವನೂ ಅಲ್ಲೇ ಇರುತ್ತಾನೆ. ಮಂಡಕ್ಕಿಗೆ ತುರಿದ ಕ್ಯಾರೆಟ್, ಈರುಳ್ಳಿ, ಖಾರದ ಪುಡಿ, ನಿಂಬೆರಸ, ಮೇಲೆ ಒಂದಿಷ್ಟು ತೆಂಗಿನೆಣ್ಣೆ. ತೆಂಗಿನೆಣ್ಣೆ ಇಲ್ಲದ ಚರುಮುರಿಯನ್ನು ನಾನು ಚರುಮುರಿ ಎಂದು ಒಪ್ಪುವುದಿಲ್ಲ. ಖರ್ಚು ಬೇಡವೆನ್ನುವವರು ಮನೆಯಿಂದ ಬನ್ಸ್ ಮತ್ತು ಫ್ಲಾಸ್ಕಿನಲ್ಲಿ ಚಹಾ ಒಯ್ಯಿರಿ. ಹಣ್ಣಾಗಿ ಕಪ್ಪಾದ ಬಾಳೆಹಣ್ಣಿಗೂ ಒಂದು ಗತಿ ಕಾಣಿಸಿದಂತಾಗುತ್ತದೆ.

ನದಿಯ ಈಚೆ ದಡದಲ್ಲಿ, ಬೋಳೂರಿನ ಕಡೆ, ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಇದು. ಶತ್ರುಗಳ ಹಡಗು ನದಿಯೊಳಗೆ ನುಸುಳದಂತೆ ಕಾಯಲು ಕಟ್ಟಿಸಿದ್ದು. ದೊಡ್ಡ ಕೋಟೆಯೆಂದುಕೊಂಡು ಹೋದರೆ ನಿರಾಶೆಯಾದೀತು, ಗೋಪುರ ಪುಟ್ಟದು. ಆದರೆ ಮೆಟ್ಟಿಲೇರಿ ಫಿರಂಗಿಯ ಕಂಡಿಯಿಂದ ನದಿಯನ್ನು ನೋಡಿದ ಹುಡುಗ ಪಠ್ಯಪುಸ್ತಕದ ಆ ಪಾಠವನ್ನು ಮತ್ತೆ ಮರೆಯುವುದಿಲ್ಲ.

ಮಳೆಗಾಲದಲ್ಲಿ ಏನು ಮಾಡುವುದು ಎಂದು ಕೇಳುತ್ತೀರಿ. ಆಗ ಕಡಲ ಹತ್ತಿರ ಹೋಗುವುದೇ ಬೇಡ. ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತದಿಂದ ಮನೆಗಳೇ ಹೋಗಿವೆ. ದಡದಲ್ಲಿ ಕಲ್ಲು ಸುರಿದರೂ ಅಲೆಯ ಹಸಿವು ತೀರಿಲ್ಲ. ಅಂಥ ದಿನಗಳಿಗೆ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಿದೆ. ಕರ್ನಲ್ ಮಿರಾಜ್ಕರ್ ಎಂಬ ವೈದ್ಯರು ಕಟ್ಟಿಸಿದ ಮನೆ ಅದು. ಅವರ ತಾಯಿಯ ಹೆಸರಿನಲ್ಲಿ 1960ರಿಂದ ಸಾರ್ವಜನಿಕರಿಗೆ ತೆರೆದಿದೆ. ಮಗ ತಾಯಿಯ ಹೆಸರನ್ನು ಹೀಗೂ ಉಳಿಸಬಹುದಲ್ಲ! ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನೂ ನೋಡಬಹುದು. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಕಲಾವಿದರು 1899ರಲ್ಲಿ ಆರಂಭಿಸಿ, ಗೋಡೆಗಳನ್ನೂ ಛಾವಣಿಯನ್ನೂ ಚಿತ್ರಗಳಿಂದ ತುಂಬಿದರು. ಗೋಡೆಯ ಮೇಲಿನದು ಹಸಿ ಗಾರೆಯ ಮೇಲೆ ಬರೆದದ್ದು, ಛಾವಣಿಯದು ಬಟ್ಟೆಯ ಮೇಲೆ. ಬೇರೆಯವರ ಆರಾಧನಾ ಸ್ಥಳಕ್ಕೆ ನಾವೇಕೆ ಎಂದು ಕೆಲವರಿಗೆ ಅನಿಸಬಹುದು. ಒಬ್ಬ ಮನುಷ್ಯ ಪರದೇಶದಲ್ಲಿ ನಿಂತು ವರ್ಷಗಟ್ಟಲೆ ಮಾಡಿದ ಶ್ರಮವನ್ನು, ಅಲ್ಲಿಯ ಶಿಸ್ತನ್ನು ಪಾಲಿಸಿಕೊಂಡು ನೋಡಿ ಬರುವುದರಲ್ಲಿ ಕಳೆದುಕೊಳ್ಳುವುದೇನೂ ನನಗೆ ಕಾಣಿಸುವುದಿಲ್ಲ.

ಇನ್ನು ಯಾವುದೂ ಬೇಡ, ಬರೀ ಊರಿನ ಹೆಂಚನ್ನೇ ನೋಡುತ್ತಾ ನಡೆಯಿರಿ ಎಂದೂ ಹೇಳುತ್ತೇನೆ. ಬಾಸೆಲ್ ಮಿಶನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದೂ ಇದೇ ಊರಿನಿಂದ. ನೀವೀಗ ಕೈಯಲ್ಲಿ ಹಿಡಿದಿರುವ ಪತ್ರಿಕೆ ಆ ಬಳ್ಳಿಯದೇ ಒಂದು ಎಲೆ.

ಆದರೆ ಅಡ್ಡಿ ಇರುವುದು ಜಾಗಗಳ ಕೊರತೆಯಿಂದಲ್ಲ ಎಂದು ನನಗೆ ಗೊತ್ತು. “ಪುರುಸೊತ್ತಿಲ್ಲ” ಎನ್ನುತ್ತೀರಿ. ಬೀಡಿ ಕಟ್ಟುವ ಸಹೋದರಿಯರ ವಿಷಯದಲ್ಲಿ ಅದು ನೂರಕ್ಕೆ ನೂರು ನಿಜ. ಎಲೆ ಒದ್ದೆ ಮಾಡಿ ಕತ್ತರಿಸಿ, ಸಾವಿರದ ಲೆಕ್ಕ ಮುಗಿಸಿ, ಬ್ರಾಂಚಿಗೆ ಕೊಟ್ಟು ಬರುವಷ್ಟರಲ್ಲಿ ಅಡುಗೆಯ ಹೊತ್ತು. ಅವರಿಗೆ ‘ಹೊರಗೆ ಹೋಗಿ ಬನ್ನಿ’ ಎಂದು ಉಪದೇಶ ಮಾಡಲು ನನಗೆ ನಾಲಗೆ ಬರುವುದಿಲ್ಲ. ಮನೆಯ ಗಂಡಸರಿಗೆ ಹೇಳುತ್ತೇನೆ: ತಿಂಗಳಿಗೊಂದು ಸಂಜೆಯ ಅಡುಗೆಯನ್ನು ಹೋಟೆಲಿನ ಪರೋಟಕ್ಕೆ ಬಿಟ್ಟುಬಿಡಿ. ಉಳಿದವರಲ್ಲಿ ಅನೇಕರ ಪುರುಸೊತ್ತು ಧಾರಾವಾಹಿಗೂ ಮೊಬೈಲಿಗೂ ಹೋಗುತ್ತಿದೆ. ಅದು ನಿಮಗೂ ಗೊತ್ತು.

“ಜನ ಏನೆನ್ನುತ್ತಾರೆ” ಎಂಬುದು ಎರಡನೆಯದು. ಮದುವೆ ಹಾಲ್‌ಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ, ಚಿನ್ನದ ಅಂಗಡಿಗಳಲ್ಲಿ ಗಂಟೆಗಟ್ಟಲೆ ಕುಳಿತಾಗ ಏನೂ ಎನ್ನದ ಜನ, ಮರಳಿನ ಮೇಲೆ ಮಕ್ಕಳೊಡನೆ ಕುಳಿತಾಗ ಮಾತ್ರ ಎನ್ನುತ್ತಾರೆಯೇ? ಪ್ರವಾದಿವರ್ಯರು(ಸ) ಪ್ರಯಾಣವೊಂದರಲ್ಲಿ ಪತ್ನಿ ಹಝ್ರತ್ ಆಯಿಶಾ(ರ)ರೊಡನೆ ಓಟದ ಪಂದ್ಯ ನಡೆಸಿದರು. ಮೊದಲ ಸಲ ಅವರು ಗೆದ್ದರು, ಮುಂದೊಮ್ಮೆ ಪ್ರವಾದಿ(ಸ) ಗೆದ್ದರು. ಮದ್ರಸದ ಮಕ್ಕಳಿಗೂ ಗೊತ್ತಿರುವ ಪ್ರಸಂಗವಿದು. ನಮ್ಮ ಗಂಡಸರು ಓಡಬೇಕಾಗಿಲ್ಲ. ಜೊತೆಯಲ್ಲಿ ನಡೆದರೆ ಸಾಕು.

ಅಜ್ಜಿಯಂದಿರನ್ನು ಮನೆ ಕಾಯಲು ಬಿಟ್ಟು ಹೋಗಬೇಡಿ. ಧಕ್ಕೆಯ ಹಳೆಯ ಕಥೆಗಳು ಅವರಲ್ಲೇ ಇರುವುದು. ದೋಣಿ ಹತ್ತುವಾಗ ಒಬ್ಬರು ಕೈ ಹಿಡಿದುಕೊಂಡರಾಯಿತು. ಗಂಡ ಊರಲ್ಲಿಲ್ಲದವರು ನೆರೆಮನೆಯ ನಾಲ್ಕು ಮಂದಿ ಸೇರಿ ಹೋಗಿ. ಈಜು ಬಲ್ಲವರೆಂಬ ಧೈರ್ಯದಿಂದ ದೊಡ್ಡ ಹುಡುಗರನ್ನು ನೀರಿಗೆ ಬಿಡಬೇಡಿ. ಸೋಮೇಶ್ವರದ ಬಂಡೆಗಳ ಬಳಿ ಜೀವ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದರು. ಪಣಂಬೂರಿನಲ್ಲಿ ಜೀವರಕ್ಷಕರು ಇದ್ದಾರೆ, ಅವರು ಶಿಳ್ಳೆ ಹೊಡೆದರೆ ವಾದಿಸದೆ ಹಿಂದೆ ಬನ್ನಿ. ತಿಂದ ಕಾಗದ, ಪ್ಲಾಸ್ಟಿಕ್ ತಂದ ಚೀಲದಲ್ಲೇ ಮರಳಲಿ. ಮುಸಲ್ಲ ಒಂದನ್ನು ಮಡಚಿ ಇಟ್ಟುಕೊಂಡರೆ ಮಗ್ರಿಬಿಗೆ ಓಡಬೇಕೆಂಬ ಆತುರವಿರುವುದಿಲ್ಲ. ಮತ್ತೆ, ಬೆಂಗ್ರೆಯಲ್ಲಿ ಇಳಿಯುವಾಗಲೇ ಕೊನೆಯ ದೋಣಿ ಎಷ್ಟು ಗಂಟೆಗೆಂದು ದೋಣಿಯವರನ್ನು ಕೇಳಿಟ್ಟುಕೊಳ್ಳಿ.