ಮಗುವಿನ ಜೀವನಾಂಶ: ನಿರ್ಧಾರವಾಗುವುದು ಲೆಕ್ಕದ ಮೇಲೆ

2025ರ ಫೆಬ್ರವರಿಯಲ್ಲಿ ಇಂದೋರ್‌ನ ಕೌಟುಂಬಿಕ ನ್ಯಾಯಾಲಯ ಜೈನ ದಂಪತಿಯೊಬ್ಬರ ವಿಚ್ಛೇದನ ಅರ್ಜಿಯನ್ನು ತಳ್ಳಿಹಾಕಿತು. 2014ರಲ್ಲಿ ಜೈನರಿಗೆ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಕಾರಣ ಹಿಂದೂ ವಿವಾಹ ಕಾಯ್ದೆ ಅವರಿಗೆ ಅನ್ವಯಿಸದು ಎಂಬುದು ಅದರ ವಾದ. ಮಾರ್ಚ್‌ನಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. 1955ರ ಆ ಕಾಯ್ದೆಯ 2ನೇ ಕಲಂನಲ್ಲೇ ಜೈನರ ಹೆಸರಿದೆ. ಆದ್ದರಿಂದ ಮಕ್ಕಳ ಜೀವನಾಂಶದ ಬಗ್ಗೆಯೂ ಸಮಾಜ ಬಾಂಧವರಿಗೆ ಗೊಂದಲ ಬೇಡ. ಅದೇ ಕಾಯ್ದೆಯ 26ನೇ ಕಲಂ, 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ, ಹಳೆಯ 125ರ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಈ ಮೂರೂ ನಮ್ಮ ಮನೆಗಳ ಮಕ್ಕಳಿಗೆ ಅನ್ವಯಿಸುತ್ತವೆ.

ಹಾಗಾದರೆ ಮೊತ್ತ ಎಷ್ಟು? 'ಸಂಬಳದಲ್ಲಿ ಕಾಲು ಭಾಗ' ಎಂಬ ಮಾತು ಚಾಲ್ತಿಯಲ್ಲಿದೆ. 2017ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಪತ್ನಿಗೆ ನಿವ್ವಳ ಸಂಬಳದ ಶೇ. 25 ಯೋಗ್ಯ ಎಂದದ್ದು ನಿಜ. ಆದರೆ ಮಕ್ಕಳಿಗೆ ಇಂತಿಷ್ಟೇ ಎಂಬ ಸೂತ್ರ ಯಾವ ಕಾಯ್ದೆಯಲ್ಲೂ ಇಲ್ಲ.

ಈಗ ಕೋರ್ಟುಗಳು ಅನುಸರಿಸುವುದು 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪನ್ನು. ಮಗುವಿನ ಊಟ, ಬಟ್ಟೆ, ವಸತಿ, ಔಷಧಿ, ಶಾಲೆ, ಅಗತ್ಯವಿದ್ದರೆ ಟ್ಯೂಷನ್, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಶಿಕ್ಷಣದ ವೆಚ್ಚ ಸಾಮಾನ್ಯವಾಗಿ ತಂದೆಯದು. ತಾಯಿಗೂ ಸಾಕಷ್ಟು ದುಡಿಮೆ ಇದ್ದರೆ ಆದಾಯಕ್ಕೆ ತಕ್ಕಂತೆ ಹಂಚಿಕೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲುತ್ತದೆ; ಆದೇಶದ ದಿನದಿಂದಲ್ಲ.

ಒಂದು ಉದಾಹರಣೆ ನೋಡೋಣ. ತಂದೆಗೆ ಮಲವಗೊಪ್ಪದಲ್ಲಿ ಅಂಗಡಿ, ತಾಯಿ ಭದ್ರಾವತಿಯ ತವರಿನಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಾರೆ, ಮಗು ಅವರ ಜೊತೆಗಿದೆ ಎಂದುಕೊಳ್ಳಿ. ತಂದೆಯ ಆದಾಯ ತಿಂಗಳಿಗೆ 60,000, ತಾಯಿಯದು 30,000, ಮಗುವಿನ ಖರ್ಚು 18,000 ರೂಪಾಯಿ. ಆದಾಯದ ಪ್ರಮಾಣದಲ್ಲಿ ಹಂಚಿದರೆ ತಂದೆಯ ಪಾಲು 12,000, ತಾಯಿಯದು 6,000. 2000ದ ಪದ್ಮಜಾ ಶರ್ಮ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೀಗೆಯೇ ಎರಡಕ್ಕೆ ಒಂದರಂತೆ ಹಂಚಿತ್ತು.

ತೊಡಕು ಬರುವುದು ಆ 60,000 ನಿಜವೇ ಎಂಬಲ್ಲಿ. ಸಂಬಳದವರಿಗೆ ಸಂಬಳದ ಚೀಟಿ ಇದೆ. ವ್ಯಾಪಾರಸ್ಥರ ಮನೆಗಳಲ್ಲಿ ಅಂಗಡಿ ಅಣ್ಣನ ಹೆಸರಲ್ಲಿ, ಗೋದಾಮು ತಂದೆಯ ಹೆಸರಲ್ಲಿ ಇರುವುದುಂಟು. 'ನನಗೇನೂ ಆದಾಯವಿಲ್ಲ, ಅಂಗಡಿಯಲ್ಲಿ ಕೂರುತ್ತೇನಷ್ಟೇ' ಎಂಬ ಉತ್ತರ ಸುಲಭ. ಆದರೆ 2020ರ ತೀರ್ಪಿನಂತೆ ಇಬ್ಬರೂ ಆಸ್ತಿ, ಸಾಲ, ಆದಾಯಗಳನ್ನು ಪ್ರಮಾಣಪತ್ರದಲ್ಲಿ ಹೇಳಬೇಕು. ಪಾಲುದಾರಿಕೆಯ ಪಾಲು, ತೆರಿಗೆ ರಿಟರ್ನ್, ಬ್ಯಾಂಕ್ ಖಾತೆ ಎಲ್ಲವೂ ಅದರಲ್ಲಿರಬೇಕು. ಅಡಿಕೆ, ಭತ್ತದ ಕೃಷಿಕರಿಗೆ ಬೇರೆ ನಮೂನೆ ಇದೆ. ಸುಳ್ಳು ಹೇಳಿದರೆ ಕೋರ್ಟ್ ಕ್ರಮ ಜರುಗಿಸಬಹುದು.

ಇನ್ನೊಂದು ಮಾತು. ಹಿರಿಯರು ಕೂತು 'ಒಂದೇ ಗಂಟಿನಲ್ಲಿ ಮುಗಿಸೋಣ' ಎಂದು ರಾಜಿ ಮಾಡಿಸುವುದುಂಟು. ಅದು ಒಳ್ಳೆಯದೇ. ಆದರೆ ಮೂರು ವರ್ಷದ ಮಗುವಿನ ಖರ್ಚು ಹದಿನಾರಕ್ಕೆ ಅಷ್ಟೇ ಇರುವುದಿಲ್ಲ. ಅದಕ್ಕೆಂದೇ 26ನೇ ಕಲಂ ಆದೇಶವನ್ನು ಕಾಲಕಾಲಕ್ಕೆ ಬದಲಿಸಲು ಅವಕಾಶ ಕೊಟ್ಟಿದೆ. ಸ್ವಂತ ಆದಾಯದಿಂದ ಬದುಕಲಾಗದ ಅವಿವಾಹಿತ ಮಗಳಿಗೆ 18 ತುಂಬಿದ ಮೇಲೂ 1956ರ ಕಾಯ್ದೆಯಲ್ಲಿ ಹಕ್ಕಿದೆ.

ರಾಜಿ ಮಾಡಿಸುವ ಹಿರಿಯರು ಮೊದಲು ಎರಡೂ ಕಡೆಯ ಲೆಕ್ಕ ಕೇಳಲಿ. ಸಾಲಗಾರನಿಗೆ, ಪಾಲುದಾರನಿಗೆ ಪೈಸೆ ತಪ್ಪದೆ ಲೆಕ್ಕ ಒಪ್ಪಿಸುವ ಅಂಗಡಿ, ಸ್ವಂತ ಮಗುವಿನ ಮುಂದೆ ಮಾತ್ರ ಖಾತೆ ಮುಚ್ಚಿಡುವುದು ಸರಿಯಲ್ಲ.